ಹಿತ್ತಾಳೆ ಪಂಪಿನ ಮಾವ

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಹೇಳಿದವರು ಮಾವ. ನಮ್ಮ ಅಪ್ಪ ಹಾಗೆ ಹೇಳಲಿಲ್ಲ. ಪವರ್‌ಲೂಮ್‌ನಲ್ಲಿ ಎರಡು ಪಾಳಿ ಕೆಲಸ ಮಾಡುವ ಅಪ್ಪನಿಗೆ ಡಿಗ್ರಿ ಎಂದರೆ ಏನು, ಎಷ್ಟು ವರ್ಷದ್ದು, ಮುಗಿಸಿದರೆ ಕೈಗೆ ಏನು ಕೊಡುತ್ತಾರೆ ಎಂಬುದು ಗೊತ್ತಿರಲಿಲ್ಲ. ಗೊತ್ತಿಲ್ಲದ ಮೇಲೆ ಆಗುತ್ತದೆ, ಆಗುವುದಿಲ್ಲ ಎಂದು ಹೇಳುವುದಾದರೂ ಹೇಗೆ? ಮಾವ ಗೊತ್ತಿದ್ದೇ ಹೇಳಿದರು.

ಅಂಚೆ ಮೂಲಕ ಓದುವ ಬಿ.ಎ.ಗೆ ಅರ್ಜಿ ತರಿಸಿಕೊಂಡು ಅವರಿಗೆ ತೋರಿಸಲು ಷೆಡ್ಡಿಗೆ ಹೋಗಿದ್ದೆ. ಒಂದು ಟ್ರ್ಯಾಕ್ಟರಿನ ಟ್ಯಾಂಕಿಗೆ ಕೈಪಂಪಿನ ಕೊಳವೆ ಇಳಿಸಿ ಡೀಸೆಲ್ ತೆಗೆಯುತ್ತಿದ್ದರು. ನಾಲ್ಕು ಸಲ ಹಿಡಿ ಎಳೆದು ಒತ್ತಿ ಕೈ ಬಿಟ್ಟರು. ಡೀಸೆಲ್ ತನ್ನಷ್ಟಕ್ಕೆ ಕೆಳಗಿನ ಡಬ್ಬಕ್ಕೆ ಬೀಳತೊಡಗಿತು. ಅರ್ಜಿಯನ್ನು ಮುಟ್ಟದೆ, ಬಗ್ಗಿ ನೋಡಿ ಹೇಳಿದರು:

"ನೋಡು ಅಮ್ಮಿಣಿ. ಮೇಲಿಂದ ಕೆಳಕ್ಕಾದ್ರೆ ಒಂದು ಸಲ ಎಳೆದು ಬಿಟ್ರೆ ಸಾಕು, ತಾನಾಗೇ ಬತ್ತದೆ. ಕೆಳಗಿಂದ ಮೇಲಕ್ಕೆ ತಾನಾಗಿ ಹೋಗಾದಿಲ್ಲ. ನಿಮ್ಮನೇಲೂ ನಮ್ಮನೇಲೂ ಮೇಲೆ ಯಾರವ್ರೆ? ಆಗಾದಿಲ್ಲ."

ನನಗೆ ಸಿಟ್ಟು ಬಂತು. ಡಿಗ್ರಿಯ ಕಾಗದ ತಂದು ನಿಮ್ಮ ಮುಖಕ್ಕೆ ಹಿಡಿಯುತ್ತೇನೆ ಎಂದೆ. ಅವರು ನಗಲೂ ಇಲ್ಲ, ಗದರಲೂ ಇಲ್ಲ. ತಾ, ಕಾಗದ ನೋಡಿದ ಮೇಲೆ ನಂಬ್ತೀನಿ ಎಂದು ಪಂಪನ್ನು ಒರೆಸತೊಡಗಿದರು.

ರಕ್ತ ಸಂಬಂಧದಲ್ಲಿ ಅವರು ನನಗೆ ಮಾವನಲ್ಲ. ತಮಿಳುನಾಡಿನ ವೆಳ್ಳಕೋಯಿಲಿನ ನಮ್ಮ ಬೀದಿಯಲ್ಲಿ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು ಆಡುವ ಏಳು ಮನೆಗಳಿದ್ದವು. ಅಲ್ಲಿ ಗಂಡಸರೆಲ್ಲ ಮಾವ, ಚಿಕ್ಕಪ್ಪ, ಅಣ್ಣ. ಹೆಂಗಸರೆಲ್ಲ ಅತ್ತೆ, ಚಿಕ್ಕಮ್ಮ, ಅಕ್ಕ. ನನ್ನಂಥ ಹುಡುಗಿಯರೆಲ್ಲ ಅಮ್ಮಿಣಿ. ಮಾವನದು ನಮ್ಮಿಂದ ಮೂರನೇ ಮನೆ. ಕರೂರು ರಸ್ತೆಯಲ್ಲಿ ಸಂತೆ ಮೈದಾನ ದಾಟಿದ ಮೇಲೆ ಅವರ ತಗಡಿನ ಷೆಡ್. ವ್ಯಾನು, ಟ್ರ್ಯಾಕ್ಟರುಗಳ ಟ್ಯಾಂಕು ತೊಳೆಯುವುದು, ಫಿಲ್ಟರ್ ಬದಲಿಸುವುದು ದಿನದ ಕೆಲಸ. ಆದರೆ ಕಾಂಗೇಯಂನಿಂದ ಆಚೆಗಿನ ಪೆಟ್ರೋಲ್ ಬಂಕುಗಳಲ್ಲಿ ಅವರ ಹೆಸರು ಓಡಾಡುತ್ತಿದ್ದದ್ದು ಬೇರೆ ಕಾರಣಕ್ಕೆ. ಡೀಸೆಲ್ ಗಾಡಿಗೆ ಯಾರಾದರೂ ಮರೆತು ಪೆಟ್ರೋಲ್ ಹಾಕಿಬಿಟ್ಟರೆ ಮೊದಲ ಫೋನು ಅವರಿಗೆ. ಭುಜಕ್ಕೆ ಪಂಪಿನ ಚೀಲ ತೂಗುಹಾಕಿಕೊಂಡು ಸೈಕಲ್ ತುಳಿದುಕೊಂಡು ಬರುತ್ತಿದ್ದರು. ಜೀವಮಾನವೆಲ್ಲ ಟ್ಯಾಂಕು ಬರಿದು ಮಾಡಿದ ಮನುಷ್ಯ ಟ್ಯಾಂಕಿರುವ ಒಂದು ಮೊಪೆಡನ್ನೂ ಕೊಳ್ಳಲಿಲ್ಲ. ಕೇಳಿದರೆ, ಅದನ್ನು ನೋಡಿದರೆ ಕೈ ಸುಮ್ಮನಿರುವುದಿಲ್ಲ ಎನ್ನುತ್ತಿದ್ದರು.

ಬಂದ ಕೂಡಲೇ ಅವರು ಟ್ಯಾಂಕು ನೋಡುತ್ತಿರಲಿಲ್ಲ. ಮೊದಲು ಕೈ ಚಾಚಿ ಗಾಡಿಯ ಕೀ ಕೇಳುತ್ತಿದ್ದರು. ಅದನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿದ ಮೇಲೇ ಮಾತು. ಆಮೇಲೆ ಎಲ್ಲರೂ ಇಪ್ಪತ್ತು ಹೆಜ್ಜೆ ಆಚೆ ಹೋಗಬೇಕು. ಬೀಡಿ, ಫೋನು ಎರಡೂ ಆ ಇಪ್ಪತ್ತು ಹೆಜ್ಜೆಯ ಆಚೆಗೆ. ಎಷ್ಟು ದೊಡ್ಡವರಾದರೂ ಈ ಮಾತಿಗೆ ರಿಯಾಯಿತಿ ಇರಲಿಲ್ಲ.

ಒಮ್ಮೆ ಮದುವೆಗೆ ಹೊರಟಿದ್ದ ಒಂದು ಕಾರಿಗೆ ಬಂಕಿನಲ್ಲಿ ಹೊಸದಾಗಿ ಸೇರಿದ್ದ ಹೆಂಗಸು ಪೆಟ್ರೋಲ್ ತುಂಬಿಸಿಬಿಟ್ಟಿದ್ದಳು. ಕಾರಿನ ಯಜಮಾನರು ರೇಷ್ಮೆ ಪಂಚೆಯನ್ನು ಎತ್ತಿಕಟ್ಟಿಕೊಂಡು ಅವಳ ಮೇಲೆ ಕೂಗಾಡುತ್ತಿದ್ದರು. ಮಾವ ಅವರಿಂದ ಕೀ ಇಸಿದುಕೊಂಡು ಅವರನ್ನೂ ಇಪ್ಪತ್ತು ಹೆಜ್ಜೆ ಆಚೆ ಕಳಿಸಿದರು. ಅಷ್ಟು ದೂರದಿಂದ ಬೈದರೆ ತಮಗೇ ಸರಿಯಾಗಿ ಕೇಳಿಸದು ಎಂದು ಯಜಮಾನರಿಗೆ ಸ್ವಲ್ಪ ಹೊತ್ತಿಗೆ ಅರ್ಥವಾಗಿ ಸುಮ್ಮನಾದರು. ಅಳುತ್ತಿದ್ದ ಹೆಂಗಸಿನ ಕೈಗೆ ಮಾವ ಕೊಳವೆಯ ತುದಿ ಕೊಟ್ಟು, ಡಬ್ಬದಿಂದ ಹೊರಗೆ ಬೀಳದ ಹಾಗೆ ಹಿಡಿ ಎಂದರು. ಕೈಗೆ ಕೆಲಸ ಸಿಕ್ಕಿದ ಮೇಲೆ ಅಳು ನಿಂತಿತು. ಹೊರಡುವಾಗ ಅವಳಿಗೆ ಅವರು ಹೇಳಿದ ಮಾತನ್ನು ನಾನು ಬೇರೆ ಬೇರೆ ಬಂಕುಗಳಲ್ಲಿ ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ತಪ್ಪು ಹಾಕಿದ್ದನ್ನು ತೆಗೀಬಹುದು. ಹಾಕಿದ ಮೇಲೆ ವಂಡಿ ಓಡಿಸಿಬಿಟ್ಟರೆ ಮಾತ್ರ ತೆಗೆಯಕ್ಕಾಗಲ್ಲ. ಎಂಜಿನ್ ಸ್ಟಾರ್ಟ್ ಮಾಡದೆ ನಿಂತಿರುವ ತನಕ ಯಾವ ತಪ್ಪೂ ಟ್ಯಾಂಕಿನಲ್ಲೇ ಇರುತ್ತದೆ ಎಂಬುದು ಅವರ ಲೆಕ್ಕ.

ಪಂಪು ಒತ್ತುವಾಗ ಅವರು ಎಣಿಸುತ್ತಿದ್ದರು. ಡ್ರೈವರುಗಳ ಜೊತೆ, ಬಂಕಿನವರ ಜೊತೆ ಎಲ್ಲ ತಮಿಳು. ಎಣಿಕೆ ಮಾತ್ರ ಕನ್ನಡ. ಒಂದು, ಎರಡು, ಮೂರು ಎಂದು ಮೆಲ್ಲನೆ, ಉಸಿರಿನ ಜೊತೆ. ಹೊಸ ಡ್ರೈವರುಗಳು ಅದು ಏನೋ ಮಂತ್ರ, ಬೆಂಕಿ ಹತ್ತದಿರಲಿ ಎಂದು ಹೇಳುತ್ತಾರೆ ಎಂದುಕೊಂಡಿದ್ದರಂತೆ. ಮಾವ ಅದನ್ನು ತಿದ್ದಲು ಹೋಗಲಿಲ್ಲ. ಮಂತ್ರ ಅಂದುಕೊಂಡರೆ ಬೀಡಿ ಹಚ್ಚೋದಿಲ್ಲ ಅಲ್ಲವಾ ಎಂದರು.

ಕನ್ನಡದಲ್ಲಿ ಎಣಿಸುತ್ತಿದ್ದರೇ ಹೊರತು ಒಂದಕ್ಷರ ಓದಲು ಬರುತ್ತಿರಲಿಲ್ಲ. ನನಗೂ ಬರುತ್ತಿರಲಿಲ್ಲ. ತಿರುಪ್ಪೂರಿನ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಟೇಬಲ್ಲಿಗೆ ನನ್ನ ಪಕ್ಕ ಕೊಳ್ಳೇಗಾಲದ ಕಡೆಯ ಹುಡುಗಿಯೊಬ್ಬಳು ಬಂದ ಮೇಲೆ, ಊಟದ ಹೊತ್ತಿನಲ್ಲಿ ಅವಳಿಂದ ಅಕ್ಷರ ಕಲಿತೆ. ಆಮೇಲೆ ಸಿಕ್ಕಿದ ಕನ್ನಡ ಪುಸ್ತಕ ಬಿಡದೆ ಓದಿದೆ. ಅದು ಗೊತ್ತಾದ ದಿನ ಮಾವ ಷೆಡ್ಡಿನ ಮೂಲೆಯಲ್ಲಿದ್ದ ನೀಲಿ ಡ್ರಮ್ಮನ್ನು ತೋರಿಸಿದರು. ತಪ್ಪಿ ಬೆರೆತ ಪೆಟ್ರೋಲು ಡೀಸೆಲನ್ನು ಅದರಲ್ಲಿ ಹಾಕಿಟ್ಟು ಬಿಡಿಭಾಗ ತೊಳೆಯಲು ಬಳಸುತ್ತಿದ್ದರು. ಯಾರೋ ಒಳ್ಳೆಯ ಡೀಸೆಲ್ ಎಂದು ಅದರಿಂದ ತುಂಬಿಕೊಂಡು ಹೋಗಿ ಎಂಜಿನ್ ಕೆಡಿಸಿಕೊಂಡಿದ್ದರು. ಅದರ ಮೇಲೆ ಕನ್ನಡದಲ್ಲಿ 'ತಪ್ಪು ಎಣ್ಣೆ' ಎಂದು ಬರೆ ಎಂದರು. ಇಲ್ಲಿ ಯಾರಿಗೂ ಓದಲು ಬರುವುದಿಲ್ಲವಲ್ಲ ಮಾವ ಎಂದೆ. ಅದಕ್ಕೇ ಹೇಳಿದ್ದು, ತಮಿಳಲ್ಲಿ ಬರೆದರೆ ಓದಿಕೊಂಡು 'ಪರವಾಯಿಲ್ಲ' ಅಂತಾರೆ, ಓದಕ್ಕಾಗದ್ದನ್ನ ಕಂಡರೆ ಹೆದರಿಕೊಂಡು ಮುಟ್ಟಲ್ಲ ಎಂದರು. ನಾನು ಬಿಳಿ ಪೇಂಟಿನಲ್ಲಿ ಬರೆದೆ. ನನ್ನ ಮೊದಲ ಕನ್ನಡ ಬರಹ ಅದು. ನಿಜಕ್ಕೂ ಆಮೇಲೆ ಯಾರೂ ಆ ಡ್ರಮ್ಮು ಮುಟ್ಟಲಿಲ್ಲ.

ಅವರ ಪಂಪು ಅಂಗಡಿಯಲ್ಲಿ ಸಿಗುವ ಕೆಂಪು ರಬ್ಬರ್ ಬುಡ್ಡೆಯದಲ್ಲ. ಪೆಟ್ರೋಲಿಗೆ ಆ ರಬ್ಬರ್ ಉಬ್ಬಿ ಎರಡು ತಿಂಗಳಿಗೆ ಕೆಡುತ್ತದೆ. ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯಲ್ಲಿ ಪಂಪಿನ ವರ್ಕ್‌ಷಾಪೊಂದರಲ್ಲಿ ಲೇತ್ ಓಡಿಸುತ್ತಿದ್ದ ಗೆಳೆಯನ ಪಕ್ಕ ಎರಡು ಭಾನುವಾರ ನಿಂತು ಮಾಡಿಸಿಕೊಂಡದ್ದು. ಮೊಣಕೈಯುದ್ದದ ಹಿತ್ತಾಳೆಯ ನಳಿಗೆ, ಅದರೊಳಗೆ ಮೇಲೆ ಕೆಳಗೆ ಆಡುವ ಸರಳು, ಸರಳಿನ ತುದಿಗೆ ಬಟ್ಟಲಿನ ಹಾಗೆ ಬಾಗಿದ ಚರ್ಮದ ವಾಷರ್. ಆ ವಾಷರ್ ನಳಿಗೆಯ ಗೋಡೆಗೆ ಒತ್ತಿಕೊಂಡರೇ ಗಾಳಿ ಎಳೆಯುವುದು. ಗಾಳಿ ಎಳೆದರೇ ಎಣ್ಣೆ ಬರುವುದು. ಪೆಟ್ರೋಲು ಚರ್ಮವನ್ನು ಒಣಗಿಸುತ್ತದೆಂದು ವಾರಕ್ಕೊಮ್ಮೆ ಅದನ್ನು ಬಿಚ್ಚಿ ಡಬ್ಬದ ಮುಚ್ಚಳದಲ್ಲಿ ಹರಳೆಣ್ಣೆ ಹಾಕಿ ನೆನೆಯಿಡುತ್ತಿದ್ದರು. ಪಂಪು ಬಿಚ್ಚುವುದು, ಜೋಡಿಸುವುದು ನನಗೂ ಕಲಿಸಿದ್ದರು. ಬೇರೆ ಯಾರ ಕೈಗೂ ಅದನ್ನು ಕೊಡುತ್ತಿರಲಿಲ್ಲ ಎಂಬುದು ನನಗೆ ಒಂದು ಹೆಮ್ಮೆ.

ಆ ಪಂಪಿಗಿಂತ ಮೊದಲು ಅವರು ಬಾಯಲ್ಲೇ ಎಳೆಯುತ್ತಿದ್ದರು. ಹದಿಹರೆಯದಲ್ಲಿ ಕುರಿಚಿಯ ಲಾರಿ ಷೆಡ್ಡೊಂದಕ್ಕೆ ಸೇರಿದವರು. ಅಲ್ಲಿ ಕೊಳವೆಯ ಒಂದು ತುದಿ ಟ್ಯಾಂಕಿಗೆ, ಇನ್ನೊಂದು ತುದಿ ಬಾಯಿಗೆ. ಎಣ್ಣೆ ತುಟಿಗೆ ಬರುವ ಹೊತ್ತಿಗೆ ತೆಗೆದು ಡಬ್ಬಕ್ಕೆ ಇಳಿಸಬೇಕು. ಎಲ್ಲ ದಿನ ಅದು ತುಟಿಯಲ್ಲೇ ನಿಲ್ಲುತ್ತಿರಲಿಲ್ಲ. ಹತ್ತು ಹನ್ನೆರಡು ವರ್ಷ ಹಾಗೆ ಎಳೆದು ನಾಲಿಗೆಯ ರುಚಿಯೂ ಮೂಗಿನ ವಾಸನೆಯೂ ಹೊರಟುಹೋದವು. ಊಟಕ್ಕೆ ಕೂತರೆ ಮೊದಲ ತುತ್ತು ತಿಂದು ಹೆಂಡತಿಯ ಮುಖ ನೋಡಿ, ಉಪ್ಪು ಸರಿ ಅದೆಯಾ ಎಂದು ಕೇಳುತ್ತಿದ್ದರು. ಬಡಿಸಿದವಳನ್ನೇ ಕೇಳುವ ಗಂಡಸು ನಮ್ಮ ಬೀದಿಯಲ್ಲಿ ಇವರೊಬ್ಬರೇ. ಅತ್ತೆ ಸರಿ ಅದೆ ಎಂದರೆ ಸರಿ, ಇಲ್ಲ ಎಂದರೆ ಒಂದು ಚಿಟಿಕೆ ಹಾಕಿಸಿಕೊಳ್ಳುವರು. ಹಬ್ಬದ ದಿನ ಪಾಯಸ ಚೆನ್ನಾಗಿದೆ ಎಂದು ಬೇರೆಯವರು ಹೇಳಿದ ಮೇಲೆ ತಾವೂ ಚೆನ್ನಾಗದೆ ಎನ್ನುವರು.

ರುಚಿ ವಾಸನೆ ಅವರಿಗಿರಲಿಲ್ಲ, ಆದರೆ ಅವರ ವಾಸನೆ ಮನೆಗೆಲ್ಲ ಇತ್ತು. ಅತ್ತೆ ಅವರ ಬಟ್ಟೆಗೆ ಬೇರೆ ಬಕೆಟ್ಟು, ಬೇರೆ ಹಗ್ಗ ಇಟ್ಟಿದ್ದರು. ಆದರೂ ಅಂಗಿಗಳಿದ್ದ ತಗಡಿನ ಪೆಟ್ಟಿಗೆಯಲ್ಲೇ ಮನೆಯ ಕಾಗದಪತ್ರ ಇರುತ್ತಿದ್ದರಿಂದ ರೇಷನ್ ಕಾರ್ಡಿಗೆ ಡೀಸೆಲ್ ವಾಸನೆ, ಕರೆಂಟ್ ಕಾರ್ಡಿಗೆ ಡೀಸೆಲ್ ವಾಸನೆ. ಮಗಳ ಮದುವೆಯ ಕರೆಯೋಲೆ ಕೊಡಲು ಬಂದಾಗ ನಮ್ಮ ಅಮ್ಮ ಅದನ್ನು ಮೂಗಿನ ಹತ್ತಿರ ಹಿಡಿದು, ಇದು ನಿಮ್ಮ ಮನೆಯದೇ, ಓದುವುದು ಬೇಕಿಲ್ಲ ಎಂದು ನಗಿಸಿದ್ದರು. ಅತ್ತೆ ಅವತ್ತು ನಗಲಿಲ್ಲ.

ಇನ್ನು ನನ್ನ ಪರೀಕ್ಷೆಯ ಮಾತು. ಇತಿಹಾಸ ತೆಗೆದುಕೊಂಡಿದ್ದೆ. ಬೆಳಿಗ್ಗೆ ಕಂಪನಿ ವ್ಯಾನಿನಲ್ಲಿ ತಿರುಪ್ಪೂರಿಗೆ ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ, ಅದೇ ನನ್ನ ಕಾಲೇಜು. ಎಲ್ಲ ಮುಗಿಯಿತು, ಒಂದು ಪೇಪರು ಮಾತ್ರ ಉಳಿಯಿತು. ನಮ್ಮಲ್ಲಿ ಅದಕ್ಕೆ ಅರಿಯರ್ ಎನ್ನುತ್ತಾರೆ. ಎರಡು ಸಲ ಬರೆದೆ, ಎರಡು ಸಲವೂ ಹೋಯಿತು. ಮೂರನೆಯದೇ ಕೊನೆಯದು, ನಮ್ಮ ಬ್ಯಾಚಿಗೆ ಡಿಗ್ರಿ ಮುಗಿಸಲು ಕೊಟ್ಟ ವರ್ಷಗಳು ಅಲ್ಲಿಗೆ ಮುಗಿಯುತ್ತಿದ್ದವು. ಅದೂ ಹೋದರೆ ಬರೆದದ್ದೆಲ್ಲ ನೀರಿಗೆ ಹಾಕಿದ ಹಾಗೆ. ಆ ಸಲ ಪರೀಕ್ಷೆಗಳು ಮುಂದಕ್ಕೆ ಹೋಗಿ ಹೋಗಿ ಆಯುಧಪೂಜೆಯ ಮಗ್ಗುಲಿಗೇ ಬಂದಿದ್ದವು. ವಿಜಯದಶಮಿಯ ಮಾರನೆಯ ದಿನ, ತಿರುಪ್ಪೂರಿನಲ್ಲಿ, ಬೆಳಿಗ್ಗೆ ಹತ್ತಕ್ಕೆ.

ಮಗಳು ಮದುವೆಯಾಗಿ ಕರೂರಿಗೆ ಹೋದ ಮೇಲೆ ಮಾವನ ಷೆಡ್ಡಿನ ಆಯುಧಪೂಜೆಗೆ ತೊಳೆಯುವುದು, ರಂಗೋಲಿ ಹಾಕುವುದು ನನ್ನ ಪಾಲಿಗೆ ಬಂದಿತ್ತು. ಆ ವರ್ಷ ಪರೀಕ್ಷೆಯ ಭಯಕ್ಕೆ ಭಕ್ತಿ ಹೆಚ್ಚಾಗಿತ್ತು. ಸ್ಪ್ಯಾನರುಗಳನ್ನು ಬೂದಿ ಹಾಕಿ ಬೆಳಗಿದೆ. ಪಂಪಿನ ಹಿತ್ತಾಳೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿದೆ. ಬಿಚ್ಚಿದಾಗ ಆ ಚರ್ಮದ ವಾಷರ್ ಕೈಗೆ ಬಂತು, ಕಪ್ಪಗೆ, ಜಿಡ್ಡಾಗಿ. ನಮ್ಮ ಮನೆಯಲ್ಲಿ ದೇವರ ಮುಂದೆ ಚರ್ಮ ಇಡುವುದಿಲ್ಲ. ಬೆಲ್ಟು ಕಟ್ಟಿಕೊಂಡು ಬಂದವರನ್ನೂ ಅಜ್ಜಿ ಪೂಜೆಯ ಕೋಣೆಯ ಹೊರಗೇ ನಿಲ್ಲಿಸುತ್ತಿದ್ದಳು. ನನ್ನ ಪರೀಕ್ಷೆಗೆ ಇದರಿಂದ ಏನಾದರೂ ದೋಷ ಬಂದರೆ ಎಂದುಕೊಂಡು ಬಿಸಿನೀರಿಗೆ ಸೀಗೆಪುಡಿ ಹಾಕಿ ತಲೆ ಉಜ್ಜುವ ಹಾಗೆ ಅದನ್ನು ಉಜ್ಜಿದೆ. ಜಿಡ್ಡೆಲ್ಲ ಹೋಯಿತು. ಷೆಡ್ಡಿನ ಹಿಂದಿನ ಕಟ್ಟೆಯ ಮೇಲೆ ಬಿಸಿಲಿಗೆ ಹರಡಿದೆ. ವಾಷರ್ ಇಲ್ಲದ ಪಂಪಿಗೆ ಗಂಧ ಕುಂಕುಮ ಹಚ್ಚಿ ಪೂಜೆಯಾಯಿತು. ದಶಮಿಯ ಸಂಜೆ ಅದನ್ನು ತಂದು ನಾನೇ ಜೋಡಿಸಿ, ಚೀಲಕ್ಕೆ ಹಾಕಿಟ್ಟೆ. ಕೈಗೆ ಸ್ವಲ್ಪ ಗಟ್ಟಿಯಾಗಿದೆ ಎನಿಸಿತು. ಶುದ್ಧವಾದದ್ದಕ್ಕೆ ಹಾಗೆ ಎಂದುಕೊಂಡೆ.

ಮಾರನೆಯ ದಿನ ಬಸ್ಸುಗಳ ಮುಷ್ಕರ. ಕಂಪನಿ ವ್ಯಾನು ಇದೆಯಲ್ಲ ಎಂದು ನಾನು ಹೆದರಲಿಲ್ಲ. ಏಳೂ ಕಾಲಿಗೆ ಹತ್ತಿದೆವು, ಹದಿಮೂರು ಜನ ಹೆಂಗಸರು. ಊರಾಚೆಯ ಬಂಕಿನಲ್ಲಿ ಡ್ರೈವರ್ ಅಣ್ಣ ಡೀಸೆಲ್ ಹಾಕಿಸಲು ನಿಲ್ಲಿಸಿ ಚಹಾಕ್ಕೆ ಹೋದರು. ಹಬ್ಬದ ನಿದ್ದೆ ಬಿಡದ ಬಂಕಿನವನು ಪೆಟ್ರೋಲ್ ತುಂಬಿಸಿದ. ಮುಚ್ಚಳ ಹಾಕುವಾಗ ವಾಸನೆ ಬಂದು, ಆಗಷ್ಟೇ ಹಿಂದಿರುಗಿದ ಡ್ರೈವರ್ ಅಣ್ಣ ತಲೆಯ ಮೇಲೆ ಕೈಹೊತ್ತು ಕುಳಿತರು. ಆದರೆ ಎಂಜಿನ್ ಸ್ಟಾರ್ಟ್ ಆಗಿರಲಿಲ್ಲ. ಮಾವನಿಗೆ ಫೋನು ಹೋಯಿತು. ಅರ್ಧ ಗಂಟೆಯ ಕೆಲಸ ಎಂದು ಎಲ್ಲರಿಗೂ ಗೊತ್ತಿದ್ದರಿಂದ ಬೇರೆ ಗಾಡಿ ಹುಡುಕುವ ಯೋಚನೆ ಯಾರಿಗೂ ಬರಲಿಲ್ಲ. ನಾನು ಕಲ್ಲಿನ ಮೇಲೆ ಕೂತು ಪುಸ್ತಕ ತೆಗೆದೆ.

ಮಾವ ಬಂದರು. ಕೀ ಜೇಬಿಗೆ ಹೋಯಿತು. ನಾವೆಲ್ಲ ಇಪ್ಪತ್ತು ಹೆಜ್ಜೆ ಆಚೆ ಹೋದೆವು. ಕೊಳವೆ ಇಳಿಸಿ ಎಣಿಸತೊಡಗಿದರು. ಒಂದು, ಎರಡು, ಮೂರು. ಹತ್ತಾಯಿತು, ಇಪ್ಪತ್ತಾಯಿತು. ಕೊಳವೆಯಲ್ಲಿ ಏನೂ ಏರಲಿಲ್ಲ. ಅವರು ಎಣಿಕೆ ನಿಲ್ಲಿಸಿದ್ದನ್ನು ಕೇಳಿ ನಾನು ಪುಸ್ತಕದಿಂದ ತಲೆಯೆತ್ತಿದೆ. ಪಂಪಿನ ಮುಚ್ಚಳ ತಿರುಗಿಸಿ ಸರಳನ್ನು ಹೊರಗೆಳೆದರು. ವಾಷರನ್ನು ಉಗುರಿನಿಂದ ತಟ್ಟಿದರು. ಒಣ ಹಪ್ಪಳಕ್ಕೆ ತಟ್ಟಿದ ಸದ್ದು ನನಗೆ ಅಲ್ಲಿಗೂ ಕೇಳಿತು. ಅಂಚೆಲ್ಲ ಒಳಕ್ಕೆ ಮುದುರಿಕೊಂಡಿತ್ತು.

ನನಗೆ ಅರ್ಥವಾಯಿತು. ಹೇಳಬೇಕು ಎಂದು ಒಂದು ಹೆಜ್ಜೆ ಮುಂದಿಟ್ಟೆ, ಹೇಳದೆ ಹಿಂದೆ ಸರಿದೆ. ಅವರು ಅದನ್ನು ತಿರುವಿ ತಿರುವಿ ನೋಡಿದರು. ನನ್ನ ಕಡೆ ನೋಡಲಿಲ್ಲ. ವಾಷರ್ ಹಳೇದಾಗಿದೆ ಎಂದು ಡ್ರೈವರ್ ಅಣ್ಣನಿಗೆ ತಮಿಳಿನಲ್ಲಿ ಹೇಳಿದರು.

ಎಣ್ಣೆಯಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ, ಆದರೆ ಅದಕ್ಕೆ ಅರ್ಧ ದಿನ ಬೇಕು. ಹೊಸದು ಕೊಳ್ಳೋಣವೆಂದರೆ ಅಂಗಡಿಯವರು ಹಬ್ಬದ ಮಾರನೆಯ ದಿನ ಅಷ್ಟು ಬೇಗ ಬಾಗಿಲು ತೆಗೆಯುವುದಿಲ್ಲ. ಬಿಚ್ಚಿ ಕೆಳಗೆ ಸುರಿಸೋಣವೆಂದರೆ ಟ್ಯಾಂಕಿನ ಅಡಿಯ ನಟ್ಟು ತುಕ್ಕು ಹಿಡಿದು ಕೂತುಬಿಟ್ಟಿತ್ತು. ಇಷ್ಟೆಲ್ಲ ನೋಡುವುದರಲ್ಲಿ ಎಂಟೂ ಕಾಲಾಯಿತು. ಮುಷ್ಕರದ ದಿನ ಅಷ್ಟು ಹೊತ್ತಿಗೆ ಬೇರೆ ಗಾಡಿಯೂ ಸಿಗುವಂತಿರಲಿಲ್ಲ. ಆಗ ನನ್ನನ್ನು ಕರೆದು ಎಷ್ಟು ಗಂಟೆಗೆ ಎಂದು ಕೇಳಿದರು. ಹತ್ತಕ್ಕೆ ಎಂದೆ. ಪಂಪಿನಿಂದ ಕೊಳವೆ ಕಳಚಿದರು. ಏನು ಮಾಡುತ್ತಾರೆಂದು ಗೊತ್ತಾಗಿ, ಬೇಡ ಮಾವ ಎಂದೆ. ಅಷ್ಟು ಮಾತ್ರ ಬಂತು.

"ಮೂವತ್ತು ವರ್ಷ ಆಯ್ತು. ಬಾಯಿಗೆ ಮರ್ತೋಗದಾ ನೋಡಾನ. ನೀನು ಆಚೆ ಹೋಗು, ಇಪ್ಪತ್ತು ಹೆಜ್ಜೆ."

ವ್ಯಾನಿನ ಟ್ಯಾಂಕು ತಗ್ಗಿನಲ್ಲಿರುತ್ತದೆ. ಎಣ್ಣೆ ತಾನಾಗಿ ಬೀಳಬೇಕಾದರೆ ಡಬ್ಬ ಇನ್ನೂ ಕೆಳಗಿರಬೇಕು. ರಸ್ತೆ ಪಕ್ಕದ ಚರಂಡಿಯೊಳಗೆ ಡಬ್ಬ ಇಟ್ಟು, ತಾವೂ ಇಳಿದು ಮಂಡಿಯೂರಿ ಕೂತು ಎಳೆದರು. ಬಂತು. ಅರ್ಧದಲ್ಲಿ ಗಾಳಿ ಹೊಕ್ಕು ನಿಂತಿತು. ಮತ್ತೆ ಎಳೆದರು, ಬಂತು, ನಿಂತಿತು. ಮೂರನೆಯ ಸಲ ಎಳೆದಾಗ ಅವರ ಬೆನ್ನು ಒಮ್ಮೆ ಸೆಟೆದದ್ದು ಕಂಡಿತು. ಕೊಳವೆಯನ್ನು ಡಬ್ಬಕ್ಕೆ ಇಳಿಸಿ, ಅದು ಬೀಳುತ್ತಿದೆಯೆಂದು ನೋಡಿಕೊಂಡೇ ಅವರು ವ್ಯಾನಿನ ಹಿಂದಕ್ಕೆ ಹೋದರು. ಕೆಮ್ಮು ಕೇಳಿತು. ಬಹಳ ಹೊತ್ತು ಕೇಳಿತು. ಬಂದಾಗ ಕಣ್ಣು ಕೆಂಡದ ಹಾಗಿತ್ತು. ಒಳ್ಳೆಯ ಡೀಸೆಲ್ ಹಾಕಿಸಿ, ಫಿಲ್ಟರಿನ ಗಾಳಿ ತೆಗೆದು, ಜೇಬಿನ ಗುಂಡಿ ಬಿಚ್ಚಿ ಕೀ ಕೊಟ್ಟರು. ನನಗೆ ಕೈಸನ್ನೆಯಲ್ಲೇ ಹೋಗು ಎಂದರು.

ಹತ್ತಕ್ಕೆ ಐದು ನಿಮಿಷ ಇದ್ದಾಗ ಪರೀಕ್ಷೆಯ ಬಾಗಿಲಿನಲ್ಲಿ ಇಳಿದೆ. ಬರೆದೆ. ಏನು ಬರೆದೆ ಎಂದು ಇವತ್ತಿಗೂ ನೆನಪಿಲ್ಲ.

ಸಂಜೆ ಬರುವ ಹೊತ್ತಿಗೆ ಅವರನ್ನು ಆಸ್ಪತ್ರೆಗೆ ಸೇರಿಸಿದ್ದರು. ಪೆಟ್ರೋಲು ಹೊಟ್ಟೆಗಲ್ಲ, ಶ್ವಾಸಕೋಶಕ್ಕೆ ಇಳಿದಿತ್ತು. ಜ್ವರದಲ್ಲಿ ಮೈ ಸುಡುತ್ತಿತ್ತು, ಮೂಗಿಗೆ ಆಮ್ಲಜನಕದ ಕೊಳವೆ. ನನ್ನನ್ನು ಕಂಡು ಅವರು ಕೇಳಿದ್ದು ಒಂದೇ ಮಾತು, "ಬರೆದ್ಯಾ?" ಬರೆದೆ ಎಂದೆ. ಕಣ್ಣು ಮುಚ್ಚಿಕೊಂಡರು. ಅವತ್ತೂ ಹೇಳಲಿಲ್ಲ.

ಎರಡು ವಾರಕ್ಕೆ ಮನೆಗೆ ಬಂದರು. ಷೆಡ್ಡಿಗೂ ಬಂದರು. ಆದರೆ ಆ ಮೇಲೆ ಅವರಿಗೆ ಎಣಿಸುತ್ತಾ ಒತ್ತಲು ಆಗಲಿಲ್ಲ. ಎಣಿಸಿದರೆ ಒತ್ತಲು ಉಸಿರಿಲ್ಲ, ಒತ್ತಿದರೆ ಎಣಿಸಲು ಉಸಿರಿಲ್ಲ. ಭಾನುವಾರ ನಾನು ಹೋದರೆ, ನಾನು ಒತ್ತುವುದು, ಅವರು ಸ್ಟೂಲಿನ ಮೇಲೆ ಕೂತು ಎಣಿಸುವುದು. ಒಂದು ದಿನ ಹಳೆಯ ಚಪ್ಪಲಿಯಿಂದ ಹೊಸ ವಾಷರ್ ಕತ್ತರಿಸಿ ನನ್ನ ಕೈಗಿಟ್ಟರು. ಹರಳೆಣ್ಣೆಯಲ್ಲಿ ನೆನೆಹಾಕು ಎಂದರು. ಆಮೇಲೆ, ಮೊದಲ ಸಲ ಹೇಳುವವರ ಹಾಗೆ, ಇದಕ್ಕೆ ನೀರು ಆಗಾದಿಲ್ಲ ಅಮ್ಮಿಣಿ, ಎಣ್ಣೆನೇ ಆಗಬೇಕು ಎಂದರು. ಹೂಂ ಎಂದೆ. ಆಗಲಾದರೂ ಹೇಳಬಹುದಿತ್ತು. ತಪ್ಪು ಇನ್ನೂ ಟ್ಯಾಂಕಿನಲ್ಲೇ ಇದ್ದಾಗ ತೆಗೆಯಬೇಕು ಎಂದು ಅವರಿಂದಲೇ ಕಲಿತವಳು ನಾನು, ಮುಚ್ಚಳ ಹಾಕಿಕೊಂಡು ಓಡಿಸುತ್ತಾ ಹೋದೆ.

ಫಲಿತಾಂಶ ಬಂತು. ದಡ ಸೇರುವಷ್ಟು ಅಂಕ, ಅದರ ಮೇಲೆ ಮೂರು. ಫೋನಿನಲ್ಲಿ ತೋರಿಸಿದೆ. ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ಇದು ಫೋನಲ್ಲವಾ, ಮಾತು ಆಗಿದ್ದು ಕಾಗದಕ್ಕೆ ಎಂದರು. ನನಗೆ ನಗು ಬಂತು. ಅವರಿಗೂ ಬಂತು, ಅದು ಕೆಮ್ಮಾಗಿ ಮುಗಿಯಿತು. ಕಾಗದ ಎಂದರೆ ಪದವಿ ಪ್ರಮಾಣಪತ್ರ. ಅದು ಬರಲು ನಮ್ಮಂಥ ಅಂಚೆಯ ವಿದ್ಯಾರ್ಥಿಗಳಿಗೆ ವರ್ಷದ ಮೇಲಾಗುತ್ತದೆ. ಪ್ರತಿ ಭಾನುವಾರ ಬಂತಾ ಎಂದು ಕೇಳುವರು. ಇಲ್ಲ ಎಂದರೆ, ನಾನು ಹೇಳಿರಲಿಲ್ಲವಾ ಎಂಬಂತೆ ಹುಬ್ಬು ಹಾರಿಸುವರು.

ಪರೀಕ್ಷೆ ಬರೆದ ಮೇಲಿನ ಎರಡನೆಯ ಬೇಸಿಗೆ ಶುರುವಾಗುವಾಗ ಮಾವನಿಗೆ ಒಂದು ಸಾಧಾರಣ ಜ್ವರ ಬಂತು. ನಾಲ್ಕು ದಿನ. ಐದನೆಯ ದಿನ ಬೆಳಿಗ್ಗೆ ಅಪ್ಪ ಬಂದು ನನ್ನನ್ನು ಎಬ್ಬಿಸದೆ ತಲೆದಿಂಬಿನ ಹತ್ತಿರ ಕೂತಿದ್ದರು. ಕಣ್ಣು ಬಿಟ್ಟಾಗ ಅವರ ಮುಖ ನೋಡಿ ತಿಳಿಯಿತು.

ಶ್ವಾಸಕೋಶ ಹಳೆಯ ಕಾಲದಿಂದಲೇ ಕೆಟ್ಟಿತ್ತು, ಆ ಒಂದು ದಿನದ್ದೇ ಎಂದು ಹೇಳಲು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಆ ಮಾತನ್ನು ನಾನು ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ಅದು ನಿಜವೂ ಇರಬಹುದು. ಹೇಳಿಕೊಂಡಷ್ಟು ಸಲವೂ ಉಗುರಿನಿಂದ ತಟ್ಟಿದ ಆ ಸದ್ದು ಕೇಳುತ್ತದೆ.

ಅವತ್ತು ಬೀದಿಯ ತುಂಬ ಡ್ರೈವರುಗಳು. ವ್ಯಾನು, ಟ್ರ್ಯಾಕ್ಟರು, ಲಾರಿ ಎಲ್ಲ ಸಂತೆ ಮೈದಾನದಲ್ಲಿ ನಿಲ್ಲಿಸಿ ನಡೆದು ಬಂದಿದ್ದರು. ಬಂಕಿನ ಆ ಹೆಂಗಸೂ ಯೂನಿಫಾರ್ಮಿನಲ್ಲೇ ಬಂದಿದ್ದಳು. ಬೀಡಿ ಹಚ್ಚಬೇಕಾದವರು ಎದ್ದು ದೂರ ಹೋಗಿ ಹಚ್ಚಿಕೊಂಡು ಬರುತ್ತಿದ್ದರು. ಯಾರೂ ಅವರಿಗೆ ಹೇಳಿರಲಿಲ್ಲ. ನಾನು ಕೂತಲ್ಲಿಂದ ಲೆಕ್ಕ ಹಾಕಿದೆ. ಇಪ್ಪತ್ತು ಹೆಜ್ಜೆಗೆ ಕಡಿಮೆಯಿರಲಿಲ್ಲ.

ಕಾಗದ ಬಂದದ್ದು ಅವರ ತಿಥಿಯೆಲ್ಲ ಕಳೆದು ಮೂರು ತಿಂಗಳಿಗೆ. ಗಟ್ಟಿ ಲಕೋಟೆ. ನಮ್ಮ ಮನೆಯಲ್ಲಿ ಅದನ್ನು ದೇವರ ಮುಂದೆ ಇಟ್ಟು, ಅಪ್ಪ ಕೈ ತೊಳೆದುಕೊಂಡು ಬಂದು ಮುಟ್ಟಿದರು. ನಾನು ಅಲ್ಲಿ ನಿಲ್ಲಲಿಲ್ಲ. ಮಡಿಸದೆ, ಎದೆಗೆ ಹಿಡಿದುಕೊಂಡು ಮೂರನೆಯ ಮನೆಗೆ ಹೋದೆ.

ಅತ್ತೆ ಒಬ್ಬರೇ ಅಕ್ಕಿ ಆರಿಸುತ್ತಿದ್ದರು. ಮಾವನ ಬಟ್ಟೆಯ ಹಗ್ಗ ಹಾಗೇ ಇತ್ತು, ಬರಿದಾಗಿ. ಪಂಪು ಗೋಡೆಯ ಮೊಳೆಯಲ್ಲಿ. ಕೂತುಕೊಂಡೆ. ಕಾಗದ ಕೊಡುವ ಮೊದಲೇ ಹೇಳಿಬಿಡಬೇಕು, ಕೊಟ್ಟ ಮೇಲೆ ಮತ್ತೆ ಧೈರ್ಯ ಬರುವುದಿಲ್ಲ ಎಂದು ಗೊತ್ತಿತ್ತು. ಚರ್ಮ ತೊಳೆದದ್ದು, ಬಿಸಿಲಿಗೆ ಹಾಕಿದ್ದು, ಜೋಡಿಸಿದ್ದು, ಅವತ್ತು ಬಂಕಿನಲ್ಲಿ ನಿಂತು ನೋಡಿದ್ದು, ಎಲ್ಲ ಹೇಳಿದೆ. ಅತ್ತೆ ಮೊರದಿಂದ ತಲೆಯೆತ್ತಲಿಲ್ಲ. ಒಂದು ಕಲ್ಲು ಆರಿಸಿ ಬದಿಗಿಟ್ಟರು.

"ಗೊತ್ತು ಅಮ್ಮಿಣಿ. ಆಸ್ಪತ್ರೆಲೇ ನಿಮ್ಮಾವ ಹೇಳಿದ್ರು. ಚರ್ಮದ ಮಡಿಕೆಲಿ ಸೀಗೆಪುಡಿ ಕೂತಿತ್ತಂತೆ. ಅವಳಿಗೆ ಹೇಳ್ಬ್ಯಾಡ ಅಂದ್ರು. ಹೇಳಿದ್ರೆ ಅಲ್ಲೇ ನಿಂತೋಗ್ತಾಳೆ, ಓಡ್ಲಿ ಅಂದ್ರು."

ನಾನು ಅಳುತ್ತಾ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಅತ್ತೆ ಎದ್ದು ಹೋಗಿ ಕೈ ತೊಳೆದು, ಸೆರಗಿಗೆ ಎರಡು ಸಲ ಒರೆಸಿಕೊಂಡು ಬಂದು, ಎರಡೂ ಕೈ ಚಾಚಿದರು. ಕಾಗದ ಅವರ ಕೈಗೆ ಕೊಟ್ಟೆ. ಅವರಿಗೆ ಓದಲು ಬರುವುದಿಲ್ಲ. ನನ್ನ ಹೆಸರಿರುವ ಜಾಗ ತೋರಿಸಿದೆ. ಬೆರಳಿನಿಂದ ಮುಟ್ಟದೆ ನೋಡಿದರು. ಆಮೇಲೆ ಮೆಲ್ಲನೆ ಅದನ್ನು ಮುಖದ ಹತ್ತಿರ ತಂದು, ನಮ್ಮ ಅಮ್ಮ ಆವತ್ತು ಕರೆಯೋಲೆಯನ್ನು ಹಿಡಿದಿದ್ದ ಹಾಗೆ ಹಿಡಿದು, ಉಸಿರೆಳೆದರು.

"ಈ ಮನೆಗೆ ಬಂದ ಕಾಗದದಲ್ಲೆಲ್ಲ ಎಣ್ಣೆ ವಾಸ್ನೆ," ಎಂದರು ಅತ್ತೆ. "ಇದರ್ಲಿ ಇಲ್ಲ."